ರಿಸಲ್ಟ್ ಬರುವ ಮುಂಚೆಯೇ ನರ್ಸಿಂಗ್ ಕೆಲಸಕ್ಕೆ ಅರ್ಜಿ ಹಾಕಬಹುದಾ?

ಪ್ರಶ್ನೆ: ನಾನು ಪಾಂಡವಪುರದವಳು. ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಎಂಟನೇ ಸೆಮಿಸ್ಟರ್‌ನಲ್ಲಿದ್ದೇನೆ, ಇಂಟರ್ನ್‌ಶಿಪ್ ನಡೆಯುತ್ತಿದೆ. ರಿಸಲ್ಟ್, ಕೌನ್ಸಿಲ್ ರಿಜಿಸ್ಟ್ರೇಷನ್ ಎಲ್ಲ ಮುಗಿಯುವ ತನಕ ಸುಮ್ನೆ ಕೂರಬೇಕಾ? ಅಪ್ಪ ಸರ್ಕಾರಿ ಕೆಲಸಕ್ಕೇ ಕಾಯಿ ಅನ್ನುತ್ತಾರೆ.

ಉತ್ತರ (ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್): ಖಾಸಗಿ ಆಸ್ಪತ್ರೆಗಳಿಗೆ ಈಗಲೇ ಹಾಕಿ. ಕ್ಲಿನಿಕಲ್ ಪೋಸ್ಟಿಂಗ್‌ಗೆ ಹೋಗಿದ್ದ ಆಸ್ಪತ್ರೆಯಿಂದಲೇ ಶುರು ಮಾಡಿ. ಅಲ್ಲಿನ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿರುತ್ತಾರೆ. ಅವರ ಒಂದು ಮಾತಿಗೆ ಅಂಕಪಟ್ಟಿಗಿಂತ ಜಾಸ್ತಿ ತೂಕ.

ಬಯೋಡೇಟಾದಲ್ಲಿ ಮಾತ್ರ ಏನನ್ನೂ ಮುಚ್ಚಿಡಬೇಡಿ. 'ಅಂತಿಮ ಸೆಮಿಸ್ಟರ್ ನಡೆಯುತ್ತಿದೆ, ರಿಜಿಸ್ಟ್ರೇಷನ್ ಇನ್ನೂ ಆಗಬೇಕು' ಎಂದು ನೇರವಾಗಿ ಬರೆಯಿರಿ. ಹೆಸರಿನ ಮುಂದೆ ಈಗಲೇ ಆರ್.ಎನ್. (ರಿಜಿಸ್ಟರ್ಡ್ ನರ್ಸ್) ಅಂತ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ನಾನಾದರೆ ಆ ಅರ್ಜಿಯನ್ನು ಪಕ್ಕಕ್ಕಿಡುತ್ತೇನೆ.

ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಾಗದೆ ಸ್ಟಾಫ್ ನರ್ಸ್ ಅಂತ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ಮುಂಚೆಯೇ ಸೇರಿಸಿಕೊಳ್ಳುತ್ತೇವೆ ಅಂದರೆ, ಯಾವ ಹುದ್ದೆಗೆ, ಯಾರ ಕೈಕೆಳಗೆ ಎಂಬುದನ್ನು ಬರಹದಲ್ಲಿ ಕೇಳಿ. ಟ್ರೈನಿ ಅಂತ ಸೇರಿಸಿಕೊಂಡು ನೈಟ್ ಡ್ಯೂಟಿಗೆ ಒಬ್ಬರನ್ನೇ ವಾರ್ಡಿನಲ್ಲಿ ಬಿಟ್ಟರೆ ಒಪ್ಪಬೇಡಿ. ಏನಾದರೂ ಹೆಚ್ಚುಕಮ್ಮಿಯಾದರೆ ನಿಮ್ಮ ಬೆನ್ನಿಗೆ ಯಾರೂ ಇರುವುದಿಲ್ಲ. ಮೂಲ ಅಂಕಪಟ್ಟಿ ಕೊಟ್ಟು ಹೋಗಿ, ಬಾಂಡ್‌ಗೆ ಸಹಿ ಹಾಕಿ ಅಂದರೂ ಅಷ್ಟೇ. ಜೆರಾಕ್ಸ್ ಕೊಡಿ, ಮೂಲ ತೋರಿಸಿ ವಾಪಸ್ ತನ್ನಿ.

ಇಂಟರ್‌ವ್ಯೂನಲ್ಲಿ ದೊಡ್ಡ ಸಿದ್ಧಾಂತ ಕೇಳುವುದು ಕಡಿಮೆ. 500 ಎಂ.ಎಲ್. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ ಎಂ.ಎಲ್.ಗೆ 20 ಹನಿಯದು, ನಿಮಿಷಕ್ಕೆ ಎಷ್ಟು ಹನಿ? 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ: ಸುಮಾರು 42. ಇದು ಬಾಯಲ್ಲೇ ಬರಬೇಕು. ಪೊಟ್ಯಾಷಿಯಂ ಕ್ಲೋರೈಡನ್ನು ನೇರವಾಗಿ ಐ.ವಿ. ಪುಶ್ (ಸಿರಿಂಜಿನಿಂದ ರಕ್ತನಾಳಕ್ಕೆ ಒಮ್ಮೆಲೇ) ಕೊಡಬಹುದಾ ಅಂತಲೂ ಕೇಳುತ್ತಾರೆ. ಎಂದಿಗೂ ಇಲ್ಲ. ಹೃದಯವೇ ನಿಂತುಹೋಗಬಹುದು. ಇಲ್ಲಿ ತಡವರಿಸಿದರೆ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೂ ಲಾಭವಿಲ್ಲ.

ಇನ್ನು ಅಪ್ಪನ ಮಾತು. ಏಮ್ಸ್‌ನ ನಾರ್ಸೆಟ್ (ನರ್ಸಿಂಗ್ ಆಫೀಸರ್ ಹುದ್ದೆಯ ನೇಮಕಾತಿ ಪರೀಕ್ಷೆ) ತರಹದ ಸರ್ಕಾರಿ ಪರೀಕ್ಷೆಗೆ ಅರ್ಜಿಯ ಕೊನೆಯ ದಿನಾಂಕದ ಒಳಗೆ ಪದವಿಯೂ ರಿಜಿಸ್ಟ್ರೇಷನ್ನೂ ಕೈಯಲ್ಲಿರಬೇಕು. 'ರಿಸಲ್ಟ್ ಬರಲಿದೆ' ಅಂದರೆ ನಡೆಯುವುದಿಲ್ಲ. ಅಲ್ಲಿಯ ತನಕ ಓದಿಕೊಳ್ಳಿ, ಆದರೆ ಅದಕ್ಕಾಗಿ ಖಾಸಗಿ ಕೆಲಸ ಬಿಡಬೇಕಿಲ್ಲ. ಸಂಬಳ ಬರುತ್ತಾ ಇದ್ದರೆ ಅಪ್ಪನೂ ಸುಮ್ಮನಾಗುತ್ತಾರೆ ಬಿಡಿ.

ಈಗಲೇ ಮಾಡಬೇಕಾದ ಕೆಲಸಗಳೂ ಇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಕಾಲೇಜಿನ ದಾಖಲೆ, ಮೂರರಲ್ಲೂ ನಿಮ್ಮ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಊರಿನ ಹೆಸರಿನ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನದು ಮಾತ್ರ, ಇದು ನಮ್ಮ ಕಡೆ ಮಾಮೂಲಿ ಅಲ್ವಾ? ರಿಜಿಸ್ಟ್ರೇಷನ್ ಹೊತ್ತಿಗೆ ಇದೇ ತಲೆನೋವು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಈ ವಾರವೇ ಶುರು ಮಾಡಿ. ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು.

ಪ್ರಶ್ನೆ: ಮದ್ದೂರಿನ ನನ್ನ ತಮ್ಮ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಕೊನೆಯ ವರ್ಷದಲ್ಲಿದ್ದಾನೆ. ಅವನಿಗೂ ಇದೇ ನಿಯಮವಾ?

ಉತ್ತರ: ಬಹುಮಟ್ಟಿಗೆ ಹೌದು. ನಾರ್ಸೆಟ್‌ಗೆ ಮಾತ್ರ ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು, ಅದೂ ಕೋರ್ಸ್ ಮುಗಿದ ಮೇಲಿನದು. ಹಾಗಾಗಿ ಸೇರುವ ಮುಂಚೆ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇವೆ ಅಂತ ಕೇಳಲು ಹೇಳಿ. ಮನೆ ಹತ್ತಿರ ಅಂತ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಸೇರಿದರೆ ಆ ಎರಡು ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ.