ಓದುಗರ ಪ್ರಶ್ನೆ: ಕರಡಿ, ಬಡಿಗೆ ಮತ್ತು ಅಧ್ಯಕ್ಷ ರೂಸ್‌ವೆಲ್ಟ್

ಪ್ರಶ್ನೆ: ಮಗಳಿಗೆ ಇಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಟೆಡ್ಡಿ ಬೇರ್ ಕೊಡಿಸಿದೆ. ಅಮೆರಿಕದ ಅಧ್ಯಕ್ಷರೊಬ್ಬರು ಕರಡಿಯ ಜೀವ ಉಳಿಸಿದ್ದರಂತೆ, ಅದು ಪೇಪರ್‌ನಲ್ಲಿ ಕಾರ್ಟೂನ್ ಆಗಿ ಈ ಹೆಸರು ಬಂತಂತೆ. ಅಂಗಡಿಯವರು ಹೇಳಿದ್ದು ಇದು. ನಿಜವಾ? (ಒಬ್ಬ ತಾಯಿ, ಕಲಬುರಗಿ)

ಉತ್ತರ: ಕಾರ್ಟೂನ್ ನಿಜ, ಹೆಸರು ಬಂದದ್ದೂ ನಿಜ. ಜೀವ ಉಳಿಸಿದ್ದು ಮಾತ್ರ ನಿಜ ಅಲ್ಲ ರೀ.

1902ರ ನವೆಂಬರ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪ್ಪಿ ರಾಜ್ಯಕ್ಕೆ ಕರಡಿ ಬೇಟೆಗೆ ಹೋಗಿದ್ದರು. ಬೇಟೆ ನಡೆಸಿಕೊಟ್ಟವರು ಹೋಲ್ಟ್ ಕಾಲಿಯರ್. ಗುಲಾಮರಾಗಿ ಹುಟ್ಟಿದ ಕರಿಯ ಜನಾಂಗದವರು, ಆ ಸೀಮೆಗೆಲ್ಲ ಹೆಸರಾದ ಬೇಟೆಗಾರ. ನಾಯಿಗಳು ಒಂದು ಕರಡಿಯನ್ನು ಮುತ್ತಿದವು, ಅದು ಒಂದು ನಾಯಿಯನ್ನು ಕೊಂದೇ ಬಿಟ್ಟಿತು. ಕಾಲಿಯರ್ ಬಂದೂಕಿನ ಹಿಡಿಯಿಂದ ಅದರ ತಲೆಗೆ ಹೊಡೆದು, ಹಗ್ಗ ಹಾಕಿ ಮರಕ್ಕೆ ಕಟ್ಟಿದರು. ಅಧ್ಯಕ್ಷರೇ ಹೊಡೆಯಲಿ ಅಂತ. ರೂಸ್‌ವೆಲ್ಟ್ ಬಂದು ನೋಡಿ, ಕಟ್ಟಿಹಾಕಿದ ಪ್ರಾಣಿಗೆ ನಾನು ಗುಂಡು ಹೊಡೆಯಲ್ಲ ಅಂದರು. ಆದರೆ ಪೆಟ್ಟು ತಿಂದು ನರಳುತ್ತಿದ್ದ ಅದನ್ನು ಕೊಂದುಬಿಡಿ ಅಂತ ಹೇಳಿದವರೂ ಅವರೇ. ಜೊತೆಗಿದ್ದವರು ಚಾಕುವಿನಿಂದ ಕೊಂದರು.

ನವೆಂಬರ್ 16ರ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಕಾರ್ಟೂನಿಸ್ಟ್ ಕ್ಲಿಫರ್ಡ್ ಬೆರಿಮನ್ ಇದನ್ನು ಚಿತ್ರ ಮಾಡಿದರು. ಮುಂದೆ ರೂಸ್‌ವೆಲ್ಟ್, ಕರಡಿಗೆ ಬೆನ್ನು ಹಾಕಿ ನಿಂತು ಬೇಡ ಅನ್ನುವ ಹಾಗೆ ಕೈ ಚಾಚಿದ್ದಾರೆ. ಹಿಂದೆ ಒಬ್ಬ ಕರಡಿಯ ಕೊರಳಿನ ಹಗ್ಗ ಜಗ್ಗಿ ಹಿಡಿದಿದ್ದಾನೆ. ಆ ಮನುಷ್ಯ ಬಿಳಿಯ. ಕಾಲಿಯರ್ ಚಿತ್ರದಲ್ಲೇ ಇಲ್ಲ! ನನಗೆ ಬೆರಿಮನ್ ಗೆರೆ ಬಹಳ ಇಷ್ಟ, ಆದರೂ ಇದೊಂದು ಸಹಿಸೋಕಾಗಲ್ಲ, ಇಡೀ ಬೇಟೆ ನಿಂತಿದ್ದೇ ಆ ಮನುಷ್ಯನ ಮೇಲೆ. ಹಿಂದಿನ ವರ್ಷ ರೂಸ್‌ವೆಲ್ಟ್ ಕರಿಯರ ಮುಖಂಡ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದಿದ್ದಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರು ಕೆಂಡ ಕಾರಿದ್ದರು. ಹಾಗಾಗಿ ಕಪ್ಪು ಕರಡಿ, ಕೊರಳಿಗೆ ಹಗ್ಗ, ಜಗ್ಗುವ ಬಿಳಿಯ, ಇದೆಲ್ಲ ಕೇವಲ ಬೇಟೆಯ ಮಾತಲ್ಲ, ಅಲ್ಲಿನ ಕರಿಯರ ಪಾಡಿನ ಮಾತೂ ಹೌದು ಅಂತ ಓದುವವರೂ ಇದ್ದಾರೆ. ಆ ಓದು ನನಗೆ ಸರಿ ಅನ್ನಿಸುತ್ತೆ.

ಇನ್ನೊಂದು ಬದಲಾವಣೆ ನೋಡಿ. ನಿಜವಾದ ಕರಡಿ ಬೆಳೆದ ದೊಡ್ಡ ಪ್ರಾಣಿ. ಬೆರಿಮನ್ ಅದೇ ಚಿತ್ರವನ್ನು ಮತ್ತೆ ಬರೆದಾಗ ಅದು ದುಂಡು ಕಿವಿಯ, ಹೆದರಿದ ಕಣ್ಣಿನ ಮರಿ ಆಯಿತು. ಆ ಮರಿ ಜನರ ಮನಸ್ಸಿಗೆ ಹತ್ತಿತು. ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಮಾರಿಸ್ ಮಿಚ್ಟಮ್ ಮತ್ತು ಅವರ ಹೆಂಡತಿ ರೋಸ್ ಬಟ್ಟೆಯ ಕರಡಿ ಹೊಲಿದು, ಅಧ್ಯಕ್ಷರ ಮುದ್ದು ಹೆಸರು ಟೆಡ್ಡಿ ಅಂತ ಇಟ್ಟು ಮಾರಿದರು.

ಅದೇ 1902ರಲ್ಲಿ ವೈಸ್‌ರಾಯ್ ಕರ್ಜನ್ ನಿಜಾಮರ ರಾಜ್ಯದಲ್ಲಿ ಹುಲಿ ಬೇಟೆ ಆಡಿದ್ದರು. ಆಗ ನಮ್ಮ ಕಲಬುರಗಿಯೂ ನಿಜಾಮರ ಕೈಕೆಳಗೇ ಇತ್ತು. ಸತ್ತ ಹುಲಿಯ ಹಿಂದೆ ಕರ್ಜನ್ ದಂಪತಿ ನಿಂತ ಫೋಟೊ ಇವತ್ತಿಗೂ ಸಿಗುತ್ತೆ. ದೊಡ್ಡವರ ಬೇಟೆ ಅಂದ್ರೆ ಅಂಥ ಫೋಟೊ ಇದ್ದ ಕಾಲದಲ್ಲಿ, ಹೊಡೆಯಲ್ಲ ಅಂದ ಅಧ್ಯಕ್ಷ ಸುದ್ದಿಯಾಗದೆ ಇರ್ತಾನಾ?

ಪ್ರಶ್ನೆ: ಹಳೇ ಕಾರ್ಟೂನ್‌ಗಳಲ್ಲಿ ರೂಸ್‌ವೆಲ್ಟ್ ಕೈಯಲ್ಲಿ ಯಾವಾಗಲೂ ಬಡಿಗೆ ಯಾಕೆ? (ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಅವರೇ ಕೊಟ್ಟ ಬಡಿಗೆ ಅದು. ಮೆಲ್ಲಗೆ ಮಾತಾಡು, ಕೈಯಲ್ಲಿ ದೊಡ್ಡ ಬಡಿಗೆ ಇರಲಿ ಅಂತ 1901ರ ಸೆಪ್ಟೆಂಬರ್ 2ರಂದು ಮಿನೆಸೋಟ ರಾಜ್ಯದ ಜಾತ್ರೆಯಲ್ಲಿ ಭಾಷಣ ಮಾಡಿದ್ದರು. ಆಗ ಉಪಾಧ್ಯಕ್ಷ. ನಾಲ್ಕೇ ದಿನಕ್ಕೆ ಅಧ್ಯಕ್ಷ ಮೆಕಿನ್ಲಿ ಮೇಲೆ ಗುಂಡು ಬಿತ್ತು, 14ಕ್ಕೆ ಅವರು ತೀರಿಕೊಂಡರು, 42ನೇ ವಯಸ್ಸಿಗೆ ರೂಸ್‌ವೆಲ್ಟ್ ಅಧ್ಯಕ್ಷರಾದರು. ಮೀಸೆ, ಮೂಗಿನ ಮೇಲೆ ಸಿಕ್ಕಿಸಿದ ಕನ್ನಡಕ, ಸಾಲು ಹಲ್ಲು, ಜೊತೆಗೊಂದು ಬಡಿಗೆ. ಹೆಸರು ಬರೆಯದಿದ್ದರೂ ಯಾರು ಅಂತ ಗೊತ್ತಾಗುತ್ತಿತ್ತು.

1904ರಲ್ಲಿ ಕಾರ್ಟೂನಿಸ್ಟ್ ವಿಲಿಯಂ ಆಲನ್ ರೋಜರ್ಸ್ ಬರೆದದ್ದನ್ನು ಹುಡುಕಿ ನೋಡಿ. ದೈತ್ಯ ರೂಸ್‌ವೆಲ್ಟ್ ಹೆಗಲ ಮೇಲೆ ಬಡಿಗೆ ಇಟ್ಟುಕೊಂಡು ಕೆರಿಬಿಯನ್ ಸಮುದ್ರವನ್ನು ಹಳ್ಳ ದಾಟಿದ ಹಾಗೆ ದಾಟುತ್ತಿದ್ದಾರೆ, ಹಿಂದೆ ದಾರ ಕಟ್ಟಿದ ಯುದ್ಧನೌಕೆಗಳು ಬರುತ್ತಿವೆ. ಹಿಂದಿನ ವರ್ಷವಷ್ಟೇ ಪನಾಮಾ, ಅಮೆರಿಕದ ನೌಕೆಗಳ ಬಲದಿಂದ, ಕೊಲಂಬಿಯಾದಿಂದ ಬೇರೆ ಆಗಿತ್ತು. ಅಮೆರಿಕದವರು ಆ ಚಿತ್ರ ನೋಡಿ ಹೆಮ್ಮೆ ಪಟ್ಟಿರಬಹುದು. ನಾನು ನೋಡುವಾಗ ನನ್ನ ಕಣ್ಣು ಸುತ್ತಲಿನ ಸಣ್ಣ ಸಣ್ಣ ದೇಶಗಳ ಮೇಲೆ ಹೋಗುತ್ತೆ.

ಪ್ರಶ್ನೆ: ನಾನು ಕಾರ್ಟೂನ್ ಬರೆಯುತ್ತೇನೆ. ಆಗಿನ ನಾಯಕರು ಸಿಟ್ಟಾಗುತ್ತಿರಲಿಲ್ಲವೇ? (ಒಬ್ಬ ವಿದ್ಯಾರ್ಥಿ, ಹುಮನಾಬಾದ್)

ಉತ್ತರ: ರೂಸ್‌ವೆಲ್ಟ್ ಬೆರಿಮನ್ ಕರಡಿಯನ್ನು ಮೆಚ್ಚಿ ಪತ್ರ ಬರೆದವರು. ಎಲ್ಲರೂ ಹಾಗಿರಲಿಲ್ಲ. ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಪೆನ್ನಿಪ್ಯಾಕರ್ ಗವರ್ನರ್ ಚುನಾವಣೆಗೆ ನಿಂತಾಗ ಕಾರ್ಟೂನಿಸ್ಟ್ ಚಾರ್ಲ್ಸ್ ನೆಲನ್ ಪೆನ್ನಿಪ್ಯಾಕರ್‌ರನ್ನು ಗಿಳಿ ಮಾಡಿ ಬರೆದರು. ಪೆನ್ನಿಪ್ಯಾಕರ್ ಗೆದ್ದ ಮೇಲೆ, ಮನುಷ್ಯರನ್ನು ಪ್ರಾಣಿ ಪಕ್ಷಿ ಮಾಡಿ ಬರೆಯಬಾರದು ಅಂತ 1903ರಲ್ಲಿ ಮಸೂದೆ ಬಂತು. ಇನ್ನೊಬ್ಬ ಕಾರ್ಟೂನಿಸ್ಟ್ ವಾಲ್ಟ್ ಮೆಕ್‌ಡೂಗಲ್ ಸುಮ್ನೆ ಕೂರಲಿಲ್ಲ, ನಾಯಕರನ್ನು ಮರ, ತರಕಾರಿ, ಬಿಯರ್ ಮಗ್ಗು ಮಾಡಿ ಬರೆದರು. ಕೊನೆಗೆ ಆ ಮಸೂದೆಯ ಬದಲು ಪತ್ರಿಕೆಗಳ ಮೇಲೆ ಮಾನಹಾನಿ ಕಾನೂನು ಬಂತು, 1907ರಲ್ಲಿ ರದ್ದಾಯಿತು.

ಬೆರಿಮನ್‌ರ ಸುಮಾರು 2,400 ಚಿತ್ರಗಳು ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ, ನೆಟ್‌ನಲ್ಲಿ ಪುಕ್ಕಟೆ ನೋಡಬಹುದು. ಪತ್ರಿಕೆಯ ಒರಟು ಕಾಗದದಲ್ಲೂ ಅಚ್ಚು ಚೆನ್ನಾಗಿ ಮೂಡಲಿ ಅಂತ ಶಾಯಿಯ ಗೆರೆಯಲ್ಲೇ ನೆರಳು ತುಂಬಿದ್ದಾರೆ. ಆ ಗೆರೆಗಳನ್ನು ಜೂಮ್ ಮಾಡಿ ನೋಡಿ, ಕೂತು ನಕಲು ಮಾಡಿ.