ಮಲೆನಾಡಿನ ನೆಲಕ್ಕೆ ಬರೀ ಫೋಮ್ ಸಾಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಕೆಳಗಿನ ಮಲಗುವ ಕೋಣೆಯಲ್ಲಿ ಕಾವಿ ನೆಲ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಅತ್ತೆಯವರಿಗೆ ಕಾಲು ತಣ್ಣಗಾಗಿ ನೋವು ಬರುತ್ತದೆ. ಅದರ ಮೇಲೆ 8 ಮಿ.ಮೀ. ಲ್ಯಾಮಿನೇಟ್ ಹಲಗೆ ಹಾಕಿಸೋಣ ಅಂತಿದ್ದೇವೆ. ಕೆಲಸದವರು 2 ಮಿ.ಮೀ. ಬಿಳಿ ಫೋಮ್ ಹಾಸಿದರೆ ಸಾಕು ಅಂತಾರೆ. ಅಂಗಡಿಯವರು ಕಾರ್ಕ್ (ಮರದ ತೊಗಟೆಯಿಂದ ಮಾಡಿದ ಹಾಳೆ) ತಗೊಳ್ಳಿ, ಇಲ್ಲ ಫೋಮ್‌ನೇ ಎರಡು ಪದರ ಹಾಕಿ ಅಂತಾರೆ. ಯಾರ ಮಾತು ಕೇಳೋದು?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಫೋಮಾ, ಕಾರ್ಕಾ ಅನ್ನೋದು ಆಮೇಲಿನ ಮಾತು. ನಿಮ್ಮ ನೆಲದ ಮೇಲಿನ ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ತಿಳಿಯಬೇಕು. ಮಳೆಗಾಲದ ತೇವದ ಗಾಳಿ ತಣ್ಣನೆ ನೆಲಕ್ಕೆ ತಾಗಿದರೂ ನೆಲ ಬೆವರುತ್ತದೆ, ಕೆಳಗಿನ ಮಣ್ಣಿನ ತೇವ ಮೇಲೇರಿ ಬಂದರೂ ಬೆವರಿದ ಹಾಗೇ ಕಾಣುತ್ತದೆ. ಎರಡಕ್ಕೂ ಪರಿಹಾರ ಬೇರೆ.

ಗೊತ್ತು ಮಾಡಿಕೊಳ್ಳೋದು ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು, ನೆಲ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಸಂದಿಲ್ಲದ ಹಾಗೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಮೇಲೆ ಮಾತ್ರ ನೀರಿದ್ದರೆ ಅದು ಗಾಳಿಯ ತೇವ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಅಥವಾ ನೆಲ ಕಪ್ಪಗಾಗಿದ್ದರೆ ಅದು ಮಣ್ಣಿನದು. ಇದನ್ನು ಬೇಸಿಗೆಯಲ್ಲಿ ಮಾಡಿ ಏನೂ ಉಪಯೋಗವಿಲ್ಲ. ಪುನರ್ವಸು, ಪುಷ್ಯ ಮಳೆ ಹೊಯ್ಯುತ್ತಿರುವಾಗಲೇ ಮಾಡಿ, ಕೋಣೆಯ ನಡುವೆ ಒಂದು ಹಾಳೆ, ಹೊರಗೋಡೆಯ ಹತ್ತಿರ ಇನ್ನೊಂದು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಂಥ ಸೀಮೆಯಲ್ಲಿ, ಬೇರೆ ಊರಿನ ಒಣ ಮನೆಗಳಿಗೆ ಆಗಿಬಂದ ಲೆಕ್ಕ ನಂಬಿಕೊಂಡು ಕೆಲಸ ಶುರುಮಾಡಬಾರದು.

ಹಾಳೆಯ ಅಡಿ ಚೆನ್ನಾಗಿ ನೀರು ನಿಂತಿತು ಅಂತಾದರೆ, ದಯವಿಟ್ಟು ಲ್ಯಾಮಿನೇಟ್ ಬೇಡ. ಯಾವ ಅಂಡರ್‌ಲೇ, ಅಂದರೆ ಹಲಗೆಯ ಅಡಿಗೆ ಹಾಸುವ ಫೋಮ್, ಕಾರ್ಕ್‌ನಂಥ ಪದರ, ಹಾಕಿದರೂ ಬೇಡ. ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ಆ ತೇವ ಮಾಯವಾಗುವುದಿಲ್ಲ, ಅಂಚಿಗೆ ಸರಿದು ಗೋಡೆ ಹಿಡಿಯುತ್ತದೆ. ಲ್ಯಾಮಿನೇಟ್ ಅಂದರೆ ಒಳಗೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ ಅಲ್ವಾ, ನೀರು ಕುಡಿದರೆ ಅಂಚು ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಜೊತೆಗೆ ಗೆದ್ದಲಿನ ಭಯ. ಅಂಥ ಕೋಣೆಯಲ್ಲಿ ಕಾವಿ ನೆಲವನ್ನೇ ಉಳಿಸಿಕೊಂಡು ಅತ್ತೆಯವರ ಮಂಚದ ಪಕ್ಕ ಚಾಪೆ, ಜಮಖಾನ ಹಾಸಿ. ನೀರು ಎಲ್ಲಿಂದ ಬರುತ್ತದೆ ಅಂತ ಮನೆಯ ಹೊರಗೆ ನೋಡಿ. ಎಷ್ಟೋ ಸಲ ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿರುತ್ತದೆ. ಸೂರಿನ ಅಂಚಿಗೆ ನೀರು ಹಿಡಿಯುವ ಒಂದು ದೋಣಿ ಕಟ್ಟಿಸಿ, ಚರಂಡಿ ಬಿಡಿಸಿದರೆ ನೆಲ ಎಷ್ಟೋ ಒಣಗುತ್ತದೆ.

ಅಡಿಯಲ್ಲಿ ಏನೂ ಇಲ್ಲದಿದ್ದರೆ ಧೈರ್ಯವಾಗಿ ಹಾಕಿಸಿ. ಆದರೂ ನೆಲಮಹಡಿ ಆದ್ದರಿಂದ ಮೊದಲು 200 ಮೈಕ್ರಾನ್ ಪಾಲಿಥಿನ್ ಹಾಳೆ ಹಾಸಲೇಬೇಕು. ಹಾಳೆಗಳ ಅಂಚು ಒಂದರ ಮೇಲೊಂದು 20 ಸೆಂ.ಮೀ. ಬರುವ ಹಾಗೆ ಹಾಸಿ ಟೇಪ್ ಅಂಟಿಸಿ, ಗೋಡೆಯ ಬುಡದಲ್ಲಿ ಸ್ವಲ್ಪ ಮೇಲಕ್ಕೆ ಮಡಚಿಸಿ, ಅದು ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ) ಒಳಗೆ ಮುಚ್ಚಿಹೋಗುತ್ತದೆ. ಅಡಿಕೆ ಒಣಗಿಸಿದ ಹಳೇ ಟಾರ್ಪಾಲು ಇದೆಯಲ್ಲ ಅಂತ ಅದನ್ನು ಬಳಸಬೇಡಿ, ಕಣ್ಣಿಗೆ ಕಾಣದ ತೂತು ಬೇಕಾದಷ್ಟಿರುತ್ತವೆ. ನಿಮ್ಮ ಕೆಲಸದವರು ಹೇಳುವ ಬಿಳಿ ಫೋಮ್ ತಾನು ನೀರು ಕುಡಿಯುವುದಿಲ್ಲ, ನಿಜ. ಆದರೆ ಫೋಮ್ ಹಾಳೆಗಳ ಸಂದಿನಲ್ಲಿ ಆವಿ ಮೇಲೆ ಬರುತ್ತದೆ. ತೇವ ತಡೆಯೋದು ಅದರ ಕೆಲಸವಲ್ಲ.

ಪಾಲಿಥಿನ್ ಮೇಲೆ ಅಂಡರ್‌ಲೇ. ನಿಮ್ಮ ಕೋಣೆಗೆ 2 ಅಥವಾ 3 ಮಿ.ಮೀ.ನ ಗಟ್ಟಿ ಫೋಮ್ ಸಾಕು. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿ. ಪಾಪಡ್‌ನ ಹಾಗೆ ಚಪ್ಪಟೆಯಾಗಿ ಹಾಗೇ ಉಳಿದರೆ ಬಿಡಿ, ಕಬ್ಬಿಣದ ಬೀರುವಿನ ಕಾಲಡಿ ಅದು ಬಾಳುವುದಿಲ್ಲ. ಕಾರ್ಕ್ ಒಳ್ಳೆಯದೇ, ಕಾಲಿಗೆ ಬೆಚ್ಚಗೆ, ಸದ್ದೂ ಕಡಿಮೆ. ಹಣ ಇದ್ದರೆ ಹಾಕಿಸಿ, ಆದರೆ ಅದರ ಅಡಿಯಲ್ಲೂ ಪಾಲಿಥಿನ್ ಬೇಕು. ಎರಡು ಪದರ ಮಾತ್ರ ಬೇಡವೇ ಬೇಡ. ಜಾಸ್ತಿ ಮೆತ್ತಗಾದರೆ ಕಾಲಿಟ್ಟಾಗಲೆಲ್ಲ ಹಲಗೆ ಕುಗ್ಗುತ್ತದೆ, ಆಗ ಹಲಗೆಗೆ ಹಲಗೆ ಸಿಕ್ಕಿಸುವ ಕ್ಲಿಕ್ ಜೋಡಣೆಯ ನಾಲಿಗೆ ಮುರಿಯುತ್ತದೆ. ಹಲಗೆಯ ಅಡಿಗೇ ಫೋಮ್ ಅಂಟಿಸಿ ಬಂದಿದ್ದರೆ ಇನ್ನೊಂದು ಫೋಮ್ ಹಾಕಬೇಡಿ.

ಹಳೇ ಕಾವಿ ನೆಲ ಅಲ್ಲಲ್ಲಿ ತಗ್ಗಿರುತ್ತದೆ. 2 ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ, ಅಡಿಯಲ್ಲಿ 3 ಮಿ.ಮೀ.ಗಿಂತ ಜಾಸ್ತಿ ಸಂದು ಕಂಡರೆ ಮೊದಲು ಅದನ್ನು ತುಂಬಿಸಿ ಸಮ ಮಾಡಿಸಿ. ಫೋಮ್ ತಗ್ಗು ತುಂಬುವುದಿಲ್ಲ. ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಹಲಗೆಯ ಪೆಟ್ಟಿಗೆಗಳು ಅದೇ ಕೋಣೆಯಲ್ಲಿ 48 ಗಂಟೆ ಮಲಗಿರಲಿ. ಸುತ್ತ ಗೋಡೆಗೆ 10 ಮಿ.ಮೀ. ಜಾಗ ಬಿಡಿಸಿ, ಮಳೆಗಾಲದಲ್ಲಿ ಹಲಗೆ ಹಿಗ್ಗೋಕೆ ಅದು ಬೇಕೇ ಬೇಕು. ಸ್ಕರ್ಟಿಂಗ್ ಮೊಳೆ ಗೋಡೆಗೆ ಹೊಡೆಯಲಿ, ಹಲಗೆಗಲ್ಲ.

ಪ್ರಶ್ನೆ: ಸಾಗರದಲ್ಲಿ ನಮ್ಮ ಮನೆಯ ಉಪ್ಪರಿಗೆಗೆ ಮರದ ಹಲಗೆಯ ನೆಲ. ಮಕ್ಕಳು ಓಡಾಡಿದರೆ ಕೆಳಗೆ ದಡದಡ ಸದ್ದು. ಮೇಲೆ ಲ್ಯಾಮಿನೇಟ್ ಹಾಕುವಾಗ ಪ್ಲಾಸ್ಟಿಕ್ ಹಾಳೆ, ಫೋಮ್ ಹಾಕಿದರೆ ನಿಲ್ಲುತ್ತಾ?
– ಓದುಗರು, ಸಾಗರ

ಉತ್ತರ: ನಿಮಗೆ ಪ್ಲಾಸ್ಟಿಕ್ ಹಾಳೆ ಬೇಡ. ಮೇಲೆ ಹೇಳಿದ್ದು ಸಿಮೆಂಟ್, ಕಾವಿ ನೆಲದ ಮಾತು. ಮರ ಮಳೆಗಾಲದಲ್ಲಿ ತೇವ ಹೀರುತ್ತದೆ, ಆಮೇಲೆ ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಹಲಗೆ ಕೊಳೆಯುತ್ತದೆ. 3 ಮಿ.ಮೀ. ಕಾರ್ಕ್ ಅಥವಾ ಆವಿ ಬಿಡುವ ಫೆಲ್ಟ್ (ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಹಾಕಿ. ಅದಕ್ಕೂ ಮೊದಲು ಕಿರ್ರೆನ್ನುವ ಹಲಗೆಗಳನ್ನು ತೊಲೆಗೆ ಸ್ಕ್ರೂ ಹಾಕಿ ಬಿಗಿ ಮಾಡಿಸಿ, ಆ ಸದ್ದನ್ನು ಯಾವ ಅಂಡರ್‌ಲೇಯೂ ನಿಲ್ಲಿಸುವುದಿಲ್ಲ. ಹೆಜ್ಜೆಯ ಸದ್ದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಮಾತಿನ ಸದ್ದೂ ಕೆಳಗೆ ಕೇಳಿಸುತ್ತಿದ್ದರೆ ಅದು ಹಲಗೆಗಳ ಸಂದಿನಿಂದ ಬರುತ್ತಿದೆ, ಮರಗೆಲಸದವರನ್ನು ಕರೆಸಿ ಸಂದುಗಳಿಗೆ ಪಟ್ಟಿ ಹೊಡೆಸಿಕೊಳ್ಳಿ.