ಕೀಬೋರ್ಡ್ ಮಾರಬೇಡಿ, ಜಾಗ ಬದಲಿಸಿ

ಮಂಡ್ಯ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಹದಿನೈದು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದೆ. ಕುಡಿತಕ್ಕೆ ಬಿದ್ದೆ. ಆಸ್ಪತ್ರೆ ಸೇರಿ ಬಿಟ್ಟು ಹತ್ತು ತಿಂಗಳಾಯಿತು. ಈಗ ನುಡಿಸಲು ಕೂತರೆ ಕೈ ಓಡುವುದಿಲ್ಲ, ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ನಮ್ಮ ಭಾವ, 'ನಿನ್ನನ್ನು ಕೆಡಿಸಿದ್ದೇ ಸಂಗೀತ, ಅದನ್ನು ಮಾರಿ ನನ್ನ ಅಂಗಡೀಲಿ ಕೂತ್ಕೋ' ಅಂತಾರೆ. ಇನ್ನು ನಾನು ಯಾರಿಗೋಸ್ಕರ ನುಡಿಸಬೇಕು? ದಯವಿಟ್ಟು ಹೆಸರು ಹಾಕಬೇಡಿ."

ಹೆಸರು ಹಾಕಿಲ್ಲ. ಆದರೆ ಉತ್ತರ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ಭಾವ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಕುಡಿತ ಬಿಟ್ಟ ಹೊಸದರಲ್ಲಿ ಹಳೇ ಜಾಗ, ಹಳೇ ಜೊತೆಗಾರರಿಂದ ದೂರ ಇರಿ ಅಂತ ಡಾಕ್ಟರುಗಳೂ ಹೇಳುತ್ತಾರೆ. ಅಂಗಡಿಯಲ್ಲಿ ಕೂತರೆ ಮನೆ ನಡೆಯುತ್ತೆ. ಅಷ್ಟು ಸರಿ. ಆದರೆ ನಿಮ್ಮನ್ನು ಕೆಡಿಸಿದ್ದು ಸಂಗೀತ ಅನ್ನುವ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ.

ಗಣೇಶನ ಪೆಂಡಾಲಿನಲ್ಲಿ, ಊರಹಬ್ಬದಲ್ಲಿ, ಆರತಕ್ಷತೆಯಲ್ಲಿ ನಿಮ್ಮಂಥವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಆರಕ್ಕೆ ಅಂದದ್ದು ಎಂಟೂವರೆಗೆ ಶುರು. ಅಲ್ಲಿಯವರೆಗೆ ಸ್ಟೇಜ್ ಹಿಂದೆ, ಜನರೇಟರ್ ಪಕ್ಕ ಕಾಯಬೇಕು. ಮುಗಿದ ಮೇಲೆ ದುಡ್ಡು ಕೇಳಿದರೆ "ನಾಳೆ ಬನ್ನಿ". ಬಾಡೂಟ, ಕ್ವಾರ್ಟರ್ ಮಾತ್ರ ಒಂದು ದಿನವೂ ತಪ್ಪಲ್ಲ. ಕೂಲಿಯ ಬದಲು ಬಾಟ್ಲಿ ಕೊಟ್ಟವರು ಯಾರೂ ತಾವು ಒಬ್ಬ ಕಲಾವಿದನನ್ನು ಕೆಡಿಸಿದೆವು ಅಂದುಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದು, "ಈ ಆರ್ಕೆಸ್ಟ್ರಾದವರೇ ಹಿಂಗೆ" ಅಂತಾರೆ.

ಕುಡಿಯದಿದ್ದರೆ ಕೈ ಓಡಲ್ಲ ಅನ್ನುವ ಭಯ ನಿಮ್ಮೊಬ್ಬರದಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸಾನಿ ರೋಲಿನ್ಸ್‌ಗೂ ಅದೇ ಭಯವಿತ್ತು. ಆಗ ಜಾಝ್ ಕಲಾವಿದರ ನಡುವೆ ಹೆರಾಯಿನ್ ಹಾವಳಿ. ಆ ಕಾಲದ ದೊಡ್ಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅಷ್ಟು ಚೆನ್ನಾಗಿ ನುಡಿಸುವುದಕ್ಕೆ ಅದೇ ಕಾರಣ ಅಂತ ಎಷ್ಟೋ ಹುಡುಗರು ನಂಬಿ ಹಾಳಾದರು. ಪಾರ್ಕರ್ 1955ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 34 ವರ್ಷ. ಅದೇ ವರ್ಷ ರೋಲಿನ್ಸ್ ಕೆಂಟಕಿಯ ಲೆಕ್ಸಿಂಗ್ಟನ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ತಮ್ಮ ಹೆರಾಯಿನ್ ಚಟಕ್ಕೆ ಚಿಕಿತ್ಸೆ ಪಡೆದರು. ಚಟದ ಜೊತೆ ಸಂಗೀತವೂ ಹೋದರೆ ಏನು ಗತಿ ಅಂತ ಹೆದರಿದ್ದರು. ಹೊರಗೆ ಬಂದವರು ಷಿಕಾಗೋದಲ್ಲಿ ಕಟ್ಟಡ ಗುಡಿಸುವ ಕೆಲಸ ಮಾಡಿದರು. ಆಮೇಲೆ ಕ್ಲಿಫರ್ಡ್ ಬ್ರೌನ್ ಇದ್ದ ತಂಡ ಸೇರಿದರು. ಬ್ರೌನ್ ರೋಲಿನ್ಸ್ ವಯಸ್ಸಿನವನೇ, ಡ್ರಗ್ಸ್ ಹತ್ತಿರ ಸುಳಿದವನಲ್ಲ. ಟ್ರಂಪೆಟ್ ಹಿಡಿದರೆ ಅದ್ಭುತ. ಚಟವಿಲ್ಲದೆ ಹೀಗೂ ನುಡಿಸಬಹುದು ಅಂತ ರೋಲಿನ್ಸ್ ಪಕ್ಕದಲ್ಲೇ ನಿಂತು ನೋಡಿದರು. ಅವರು ದೊಡ್ಡ ಹೆಸರು ಮಾಡಿದ್ದು ಅದಾದ ಮೇಲೆ. ಅಷ್ಟು ಹೆಸರು ಬಂದಮೇಲೂ 1959ರಿಂದ 1961ರವರೆಗೆ ಕಚೇರಿಗಳನ್ನೆಲ್ಲ ಬಿಟ್ಟು, ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಒಬ್ಬರೇ ಅಭ್ಯಾಸ ಮಾಡಿದರು. ನಿಮಗೆ ಹತ್ತು ತಿಂಗಳಿಗೇ ಕೈ ಓಡಬೇಕಾ?

ಏನೂ ಅನ್ನಿಸುವುದಿಲ್ಲ ಅಂದಿರಿ. ವರ್ಷಗಟ್ಟಲೆ ಕುಡಿತಕ್ಕೆ ಒಗ್ಗಿದ ಮೆದುಳಿಗೆ ಸಣ್ಣ ಸಂತೋಷಗಳು ಮತ್ತೆ ರುಚಿಸುವುದಕ್ಕೆ ತಿಂಗಳುಗಳೇ ಬೇಕು. ಆದರೂ ಸುಮ್ನೆ ಕಾಯುತ್ತಾ ಕೂರಬೇಡಿ. ನಿಮ್ಮ ಡಾಕ್ಟರಿಗೆ ಇದನ್ನೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು.

ಈಗ ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪತ್ರದ ತುಂಬಾ ನಿಮ್ಮ ಕೈ, ನಿಮ್ಮ ಮನಸ್ಸು. ಹದಿನೈದು ವರ್ಷದಲ್ಲಿ ಯಾರಿಗಾದರೂ ಕಲಿಸಿದಿರಾ? ಅದರ ಬಗ್ಗೆ ಒಂದು ಸಾಲೂ ಇಲ್ಲ.

1935ರಲ್ಲಿ ಬಿಲ್ ವಿಲ್ಸನ್ ಎಂಬ ಅಮೆರಿಕದವರು ಕೆಲಸದ ಮೇಲೆ ಆಕ್ರನ್ ಎಂಬ ಊರಿಗೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲಿ ಬಾರ್ ಅಲ್ಲೇ ಇತ್ತು. ಅವರು ಬಾರಿಗೆ ಹೋಗದೆ, ತನ್ನ ಹಾಗೇ ಕುಡಿತದಿಂದ ಒದ್ದಾಡುವವರು ಈ ಊರಲ್ಲಿ ಯಾರಿದ್ದಾರೆ ಅಂತ ಫೋನ್ ಮೇಲೆ ಫೋನ್ ಮಾಡಿ ಹುಡುಕಿದರು. ಬಾಬ್ ಸ್ಮಿತ್ ಎಂಬ ಡಾಕ್ಟರ್ ಸಿಕ್ಕರು. ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗಲು ಇವತ್ತು ಎಲ್ಲೆಡೆ ನಡೆಸುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳು ಹುಟ್ಟಿದ್ದು ಆ ಇಬ್ಬರ ಮಾತುಕತೆಯಿಂದ. ಇನ್ನೊಬ್ಬನಿಗೆ ಆಸರೆಯಾಗಲು ಹೋದವನು ತಾನೂ ಉಳಿದುಕೊಂಡ.

ಅಷ್ಟು ದೂರ ಯಾಕೆ, ನಮ್ಮ ಮೈಸೂರಿನಲ್ಲೇ ಮದುವೆ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಒಬ್ಬರು ನನಗೆ ಗೊತ್ತು. ಕುಡಿತ ಬಿಟ್ಟ ಮೇಲೆ ವಾದ್ಯವನ್ನು ಅಟ್ಟದ ಮೇಲೆ ಹಾಕಿದ್ದರು. ಪಕ್ಕದ ಮನೆ ಹುಡುಗಿ ಕಲಿಸಿಕೊಡಿ ಅಂತ ಹಟ ಹಿಡಿದಳು. ಈಗ ಸಂಜೆ ಅವರ ಜಗುಲಿ ತುಂಬಾ ಮಕ್ಕಳು. "ಐದು ಗಂಟೆಗೆ ಬಂದು ಕೂತಿರ್ತಾವೆ ಸಾರ್. ಬಾಯಿ ವಾಸನೆ ಬಂದ್ರೆ ಮೊದಲು ಗೊತ್ತಾಗೋದು ಅವಕ್ಕೇ" ಅಂದರು. ಅವರನ್ನು ಕಾಯುತ್ತಿರುವುದು ಆ ಮಕ್ಕಳೇ.

ನಮ್ಮ ಸೀಮೆಯಲ್ಲಿ ಸಂಗೀತ ಬೆಳೆದದ್ದೂ ಹೀಗೇ. ತಿರುಮಕೂಡಲಿನ ಹುಡುಗನನ್ನು ಗಾಯಕ ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಕೂರಿಸಿಕೊಂಡು ಕಲಿಸಿದರು. ಆ ಹುಡುಗನೇ ಏಳು ತಂತಿ ಪಿಟೀಲಿನ ಚೌಡಯ್ಯ. ಕೃಷ್ಣಪ್ಪನವರು ಬರೀ ಕಚೇರಿ ಮಾಡಿಕೊಂಡಿದ್ದರೆ ನಮಗೆ ಚೌಡಯ್ಯ ಸಿಗುತ್ತಿದ್ದರಾ?

ಈಗ ನಮ್ಮ ಹಳ್ಳಿ ಶಾಲೆಗಳಿಗೆ ಹೋಗಿ ನೋಡಿ. ನಾನು ನೋಡಿದ ಸರ್ಕಾರಿ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರು ಇರುವುದೇ ಅಪರೂಪ. ನಾಡಗೀತೆಗೆ ಶ್ರುತಿ ಹಿಡಿಯುವವರೂ ಇಲ್ಲ. ಕೇಳಿದರೆ ದುಡ್ಡಿಲ್ಲ ಅಂತಾರೆ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಬಜೆಟ್‌ನಲ್ಲಿ ಗುರಿ ಇಟ್ಟ ರಾಜ್ಯ ಇದು! ಕುಡಿಸಿ ಗಳಿಸುವುದಕ್ಕೆ ಇರುವ ಉತ್ಸಾಹ ಬಿಡಿಸುವುದಕ್ಕೆ ಯಾರಿಗೂ ಇಲ್ಲ. 2019ರಲ್ಲಿ ಹೊರಬಂದ ಏಮ್ಸ್ ಸಮೀಕ್ಷೆ ಪ್ರಕಾರ, ದೇಶದಲ್ಲಿ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ನೀವು ಆ ಒಬ್ಬರಲ್ಲಿ ಒಬ್ಬರು. ಹಾಗಿದ್ದೂ ಕೀಬೋರ್ಡ್ ಮಾರಿ ಮೂಲೆಯಲ್ಲಿ ಕೂರುತ್ತೀರಾ?

ಬೆಳಿಗ್ಗೆ ಭಾವನ ಅಂಗಡಿಯಲ್ಲಿ ಕೂತ್ಕೊಳ್ಳಿ, ಬೇಡ ಅನ್ನಲ್ಲ. ರಾತ್ರಿ ಪ್ರೋಗ್ರಾಮ್ ಸದ್ಯಕ್ಕೆ ಒಪ್ಪಿಕೊಳ್ಳಬೇಡಿ, ಯಾರು ಕರೆದರೂ ಸರಿ. ಈ ಸೋಮವಾರ ನಿಮ್ಮೂರ ಶಾಲೆಯ ಹೆಡ್ ಮಾಸ್ಟರನ್ನು ನೋಡಿ. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತೇನೆ ಅನ್ನಿ. ಆಸ್ಪತ್ರೆ ಸೇರಿದ್ದನ್ನೂ ಮುಚ್ಚಿಡದೆ ಹೇಳಿ. ಅವರು ಹಿಂದೆಮುಂದೆ ನೋಡಿದರೆ ನನಗೆ ಬರೆಯಿರಿ. ನಾನೇ ಮೈಸೂರಿನಿಂದ ಬಂದು ಅವರ ಹತ್ತಿರ ಮಾತಾಡುತ್ತೇನೆ.